ಕೂಟ, ಕಾಟಕಾಯಿ, ತಂಡ: ನಮ್ಮ ಸೀಮೆಯ ಗುಂಪುಗಳ ಚರಿತ್ರೆ

1837ರ ಏಪ್ರಿಲ್ ಮೊದಲ ವಾರದಲ್ಲಿ ಸುಳ್ಯ ಕಡೆಯಿಂದ ಹೊರಟ ಜನರ ದಂಡೊಂದು ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರು ಸೇರಿತು. ಏಪ್ರಿಲ್ 5ರಂದು ಬಾವುಟಗುಡ್ಡೆಯ ಮೇಲೆ ತನ್ನ ಬಾವುಟ ಹಾರಿಸಿ 13 ದಿನ ಮಂಗಳೂರನ್ನು ಆಳಿತು. ಈ ಘಟನೆಗೆ ನಮ್ಮ ಜಿಲ್ಲೆಯಲ್ಲಿ ಎರಡು ಹೆಸರಿವೆ. ಹಳಬರ ಬಾಯಲ್ಲಿ ಅದು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಅಂದರೆ ಕಾಟ, ಲೂಟಿ, ಪುಂಡಾಟ. ಈಚಿನ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಅದು ‘ಅಮರ ಸುಳ್ಯದ ಸ್ವಾತಂತ್ರ್ಯ ಸಮರ’. ನಡೆದು ಹೋದವರು ಅದೇ ಜನ, ದಾರಿಯೂ ಅದೇ, ದಿನಗಳೂ ಅವೇ. ಆದರೆ ಒಂದು ಹೆಸರಿನಲ್ಲಿ ಅವರು ಪುಂಡರು, ಇನ್ನೊಂದರಲ್ಲಿ ಹೋರಾಟಗಾರರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ದಿನವೂ ಸುದ್ದಿ ಕಳಿಸುವ ನಮಗೆ ಈ ಎರಡು ಹೆಸರುಗಳ ನಡುವಿನ ಅಂತರ ಹಳೆಯ ಚರಿತ್ರೆಯ ವಿಷಯ ಮಾತ್ರ ಅಲ್ಲ. ‘ಗುಂಪು ಸೇರಿದ ಜನ’, ‘ಉದ್ರಿಕ್ತ ಗುಂಪು’, ‘ಸಾವಿರಾರು ಮಂದಿ’ ಎಂದು ನಾವು ವಾರಕ್ಕೆ ಎರಡು ಸಲವಾದರೂ ಬರೆಯುತ್ತೇವೆ. ಬರೆಯುವಾಗ ಗುಂಪು ಒಂದೇ ಮೈ, ಒಂದೇ ತಲೆ ಇರುವ ಪ್ರಾಣಿ ಎಂಬಂತೆ ಬರೆಯುತ್ತೇವೆ. ಮನುಷ್ಯ ಗುಂಪಿಗೆ ಸೇರಿದಾಗ ಅವನಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಮಾಜ ಮನೋವಿಜ್ಞಾನ ನೂರಕ್ಕೂ ಹೆಚ್ಚು ವರ್ಷಗಳಿಂದ ಕೇಳುತ್ತಾ ಬಂದಿದೆ. ಆ ವಿದ್ಯೆ ಹುಟ್ಟುವ ಮೊದಲೇ ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ಒಳ್ಳೆಯ ಉದಾಹರಣೆಗಳು ನಡೆದು ಹೋಗಿದ್ದವು. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಪ್ರಯತ್ನ ಇದು.

ಹತ್ತು ಸಮಸ್ತರ ನಾಡು

ನಮ್ಮೂರಿನ ನೇಮದ ಆಮಂತ್ರಣ ಪತ್ರಿಕೆಯ ಕೆಳಗೆ ‘ಊರ ಹತ್ತು ಸಮಸ್ತರು’ ಎಂದು ಇರುತ್ತದೆ. ದೈವ ನುಡಿ ಕೊಡುವಾಗಲೂ ಹತ್ತು ಸಮಸ್ತರನ್ನು ಕರೆದೇ ಮಾತು ಶುರು ಮಾಡುತ್ತದೆ. ಊರು ಎಂದರೆ ಒಬ್ಬ ಯಜಮಾನ ಮಾತ್ರ ಅಲ್ಲ, ಸೇರಿದ ಹತ್ತು ಮಂದಿ ಎಂಬ ಭಾವನೆ ಇಲ್ಲಿ ಹಳೆಯದು.

ಎಷ್ಟು ಹಳೆಯದು ಎಂಬುದಕ್ಕೆ ಶಾಸನಗಳಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಆ ವಿಜಯನಗರ ಕಾಲದ ತುಳುನಾಡಿನ ಶಾಸನಗಳಲ್ಲಿ ಅರಸರ, ಅಧಿಕಾರಿಗಳ ಹೆಸರಿನ ಜೊತೆಗೆ ‘ಹಲರು’, ‘ಸೆಟ್ಟಿಕಾರರು’, ‘ಹಂಜಮಾನ’ ಎಂಬ ಹೆಸರುಗಳು ಬರುತ್ತವೆ. ಇವು ವ್ಯಕ್ತಿಗಳ ಹೆಸರಲ್ಲ, ಕೂಟಗಳ ಹೆಸರು. ಸೆಟ್ಟಿಕಾರರು ವ್ಯಾಪಾರಿಗಳು, ಹಂಜಮಾನದವರು ಕಡಲಾಚೆಯ ವ್ಯಾಪಾರದ ನಂಟಿದ್ದವರು, ಹಲರು ಪೇಟೆಯ ಪ್ರಮುಖರು. ಹಲವರು ಸೇರಿ ಒಂದು ಮಾತು ಆಡಿದರೆ ಅದಕ್ಕೆ ತೂಕ ಬರುತ್ತದೆ ಎಂಬುದು ಈ ನಾಡಿಗೆ ಹೊರಗಿನವರು ಹೇಳಿಕೊಟ್ಟ ಪಾಠವಲ್ಲ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕಂಪನಿಗೆ ಬೇಕಾಗಿದ್ದದ್ದು ಹತ್ತು ಸಮಸ್ತರಲ್ಲ. ವರ್ಗದ ಲೆಕ್ಕದಲ್ಲಿ ಹೆಸರಿರುವ, ಕಂತಿಗೆ ಸರಿಯಾಗಿ ನಗದು ಎಣಿಸುವ ಒಬ್ಬೊಬ್ಬ ರೈತ. 1820ರ ದಶಕದ ಕೊನೆಗೆ ಫಸಲಿನ ಬೆಲೆ ಕುಸಿಯಿತು. ಕಂದಾಯ ಮಾತ್ರ ಇದ್ದಲ್ಲೇ ನಿಂತಿತು. ಜಮಾಬಂದಿಗೆ ಬಂದ ಅಧಿಕಾರಿಯ ಎದುರು ಒಬ್ಬೊಬ್ಬನೇ ನಿಂತು ಕೈ ಮುಗಿದರೆ ಏನೂ ನಡೆಯುವುದಿಲ್ಲ ಎಂದು ಗೊತ್ತಾದಾಗ ರೈತರು ತಮಗೆ ಗೊತ್ತಿದ್ದ ಹಳೆಯ ದಾರಿ ಹಿಡಿದರು. ಕೂಟ ಸೇರಿದರು.

1830-31ರ ಕೂಟಗಳು

1830ರ ಕೊನೆಯಲ್ಲಿ ಶುರುವಾಗಿ 1831ರಲ್ಲಿ ಬಲಗೊಂಡ ಈ ಕರನಿರಾಕರಣೆಯನ್ನು ಚರಿತ್ರೆಕಾರರು ‘ಕೂಟ ದಂಗೆ’ ಎನ್ನುತ್ತಾರೆ. ಇಂಗ್ಲಿಷ್ ದಾಖಲೆಗಳು ಕೂಡ ಬೇರೆ ಪದ ಸಿಗದೆ ‘ಕೂಟ’ ಎಂಬ ಪದವನ್ನೇ ಬಳಸಿದವು. ಮೊದಲು ಎದ್ದ ಸ್ಥಳಗಳಲ್ಲಿ ಬಂಟ್ವಾಳವೂ ಒಂದು. ಬಾರಕೂರು, ಬ್ರಹ್ಮಾವರ, ವಿಟ್ಲ, ಕುಂಬಳೆಯ ಕಡೆಯೂ ರೈತರು ಸೇರಿದರು. ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಹೋಗುತ್ತಿತ್ತು. ಸಣ್ಣ ಕೂಟಗಳು ಸೇರಿ ದೊಡ್ಡ ಕೂಟವಾಗುತ್ತಿದ್ದವು. ಕದ್ರಿ ಮಂಜುನಾಥನ ಸನ್ನಿಧಿಯಲ್ಲಿ ಅಂಥ ದೊಡ್ಡ ಕೂಟ ನಡೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ, ಹೆಚ್ಚಿನ ಕಡೆ ಹೊಡೆದಾಟ ಇರಲಿಲ್ಲ. ಕೆಲಸ ಇಷ್ಟೇ: ಸೇರುವುದು, ಕುಳಿತುಕೊಳ್ಳುವುದು, ಕೊಡುವುದಿಲ್ಲ ಎನ್ನುವುದು. ಒಬ್ಬನೇ ಕಂದಾಯ ಕಟ್ಟದಿದ್ದರೆ ಅವನ ಸೊತ್ತು ಜಪ್ತಿ. ಊರಿಗೆ ಊರೇ ಕಟ್ಟದಿದ್ದರೆ ಯಾರ ಸೊತ್ತು ಜಪ್ತಿ ಮಾಡುವುದು, ಹರಾಜಿಗಿಟ್ಟರೆ ಕೂಗುವವರು ಯಾರು?

ಸುಮಾರು ಒಂದೂವರೆ ಶತಮಾನದ ಬಳಿಕ, 1978ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದಕ್ಕೊಂದು ಲೆಕ್ಕ ಕೊಟ್ಟರು. ಒಂದು ಊರಿನಲ್ಲಿ ನೂರು ಮಂದಿ ಇದ್ದಾರೆಂದು ಇಟ್ಟುಕೊಳ್ಳಿ. ಅವರಲ್ಲಿ ಒಬ್ಬ ಯಾರೂ ಬರದಿದ್ದರೂ ಮುಂದೆ ನಿಲ್ಲುವವನು. ಇನ್ನೊಬ್ಬ ‘ಒಬ್ಬ ನಿಂತರೆ ನಾನೂ’ ಎನ್ನುವವನು. ಮೂರನೆಯವನಿಗೆ ಮುಂದೆ ಇಬ್ಬರಾದರೂ ಇರಬೇಕು. ಹೀಗೆ ನೂರನೆಯವನು ಉಳಿದ ತೊಂಬತ್ತೊಂಬತ್ತು ಮಂದಿ ಹೊರಟ ಮೇಲೆ ಮಾತ್ರ ಅಂಗಳ ಬಿಟ್ಟು ಇಳಿಯುವವನು. ಇಂಥ ಊರಿನಲ್ಲಿ ಮೊದಲನೆಯವನು ಎದ್ದರೆ ಸಾಲಾಗಿ ಎಲ್ಲರೂ ಏಳುತ್ತಾರೆ. ಆ ಎರಡನೆಯವನು ಅಂದು ಊರಲ್ಲಿಲ್ಲದೆ ನೆಂಟರ ಮನೆಗೆ ಹೋಗಿದ್ದರೆ? ಮೊದಲನೆಯವನು ಒಬ್ಬನೇ ಉಳಿಯುತ್ತಾನೆ, ದಂಗೆಯೇ ಆಗುವುದಿಲ್ಲ. ಎರಡೂ ಊರಿನ ಜನರ ಮನಸ್ಸು ಹೆಚ್ಚುಕಡಿಮೆ ಒಂದೇ. ಹೊರಗಿನಿಂದ ನೋಡಿದವರಿಗೆ ಮಾತ್ರ ಒಂದು ಊರು ರೋಷದ ಊರು, ಇನ್ನೊಂದು ಸೌಮ್ಯದ ಊರು.

ಕೂಟ ಮಾಡಿದ್ದು ಇದನ್ನೇ. ದೇವಸ್ಥಾನದ ಅಂಗಳದಲ್ಲಿ ಎಲ್ಲರೂ ಎದುರು ಬದುರು ಕುಳಿತಾಗ ಯಾರು ನಿಂತಿದ್ದಾರೆ, ಎಷ್ಟು ಮಂದಿ ನಿಂತಿದ್ದಾರೆ ಎಂಬುದು ಪ್ರತಿಯೊಬ್ಬನಿಗೂ ಕಣ್ಣಾರೆ ಕಾಣುತ್ತದೆ. ಹೆದರಿಕೆ ಹೋಗುವುದು ಭಾಷಣದಿಂದಲ್ಲ, ಪಕ್ಕದಲ್ಲಿ ಕುಳಿತವನನ್ನು ನೋಡಿ.

ಪಾಣೆಮಂಗಳೂರಿನ ದಾರಿ

ಆರು ವರ್ಷದ ಬಳಿಕ ಬಂದದ್ದು ಬೇರೆ ಬಗೆಯ ಗುಂಪು. 1834ರಲ್ಲಿ ಕಂಪನಿ ಕೊಡಗನ್ನು ಗೆದ್ದು ಚಿಕ್ಕವೀರರಾಜನನ್ನು ಗಡೀಪಾರು ಮಾಡಿತು. ಕೊಡಗಿನ ಅರಸರ ಕೈಯಲ್ಲಿದ್ದ ಸುಳ್ಯ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಅಳೆಯುತ್ತಿದ್ದ ರೈತರು ಇನ್ನು ನಗದು ಕೊಡಬೇಕಾಯಿತು. ನಗದು ಬೇಕಾದರೆ ಕೊಯ್ಲಿನ ಹೊತ್ತಿಗೇ, ಬೆಲೆ ಇಳಿದಿರುವಾಗಲೇ, ಭತ್ತ ಮಾರಬೇಕು. ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಕಂಪನಿಯ ಹಿಡಿತ ಬೇರೆ.

ಮುಂದಾಳುಗಳಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮುಖ್ಯರು. ಕೊಡಗಿನ ಕಡೆ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರಿದ್ದರು. ಆದರೆ ಜನ ನಡೆದದ್ದು ಅವರ ಹೆಸರಿನಲ್ಲಲ್ಲ. ಹಾಲೇರಿ ರಾಜವಂಶದ ಕುಡಿ ಎಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ. ಆ ಹೆಸರಿನವನನ್ನು ಕಂಪನಿ ಅದಕ್ಕೆ ಮೊದಲೇ ಹಿಡಿದಿತ್ತು. ಈಗ ಪೂಮಲೆ ಕಾಡಿನಿಂದ ಇಳಿದು ಬಂದ ‘ಕಲ್ಯಾಣಸ್ವಾಮಿ’ ಅಸಲಿಗೆ ಪುಟ್ಟಬಸಪ್ಪ ಎಂಬವನು. ಮುಂದಾಳುಗಳಿಗೆ ಇದು ಗೊತ್ತಿತ್ತು. ಹಿಂದೆ ನಡೆದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಅಥವಾ ತಿಳಿದುಕೊಳ್ಳಬೇಕು ಎನಿಸಿರಲಿಕ್ಕಿಲ್ಲ.

ಮಾರ್ಚ್ ಕೊನೆಗೆ ಸುಳ್ಯದಲ್ಲಿ ಕಂಪನಿ ಪರವಾಗಿದ್ದ ಅಟ್ಲೂರು ರಾಮಪ್ಪಯ್ಯನ ಕೊಲೆಯಾಯಿತು. ಬೆಳ್ಳಾರೆಯ ಖಜಾನೆ ದಂಗೆಕೋರರ ವಶವಾಯಿತು. ಮೂರು ವರ್ಷ ಕಂದಾಯ ಇಲ್ಲ, ಉಪ್ಪು ಹೊಗೆಸೊಪ್ಪಿನ ಸುಂಕ ಇಲ್ಲ ಎಂಬ ನಿರೂಪ ಹೊರಟಿತು. ಕಲೆಕ್ಟರ್ ಲೆವಿನ್ ಸಿಪಾಯಿಗಳ ಜೊತೆ ಪುತ್ತೂರಿನವರೆಗೆ ಬಂದು, ಎದುರಿಗಿರುವ ಜನರನ್ನು ಕಂಡು ಮಂಗಳೂರಿಗೆ ಹಿಂದಿರುಗಿದ. ಆ ಹಿಂದಿರುಗುವಿಕೆಯೇ ಊರೂರಿಗೆ ದೊಡ್ಡ ಸುದ್ದಿಯಾಗಿರಬೇಕು. ಸರಕಾರವೇ ಓಡುತ್ತಿದೆ ಎಂದರೆ ‘ಐವತ್ತು ಮಂದಿ ಹೋದರೆ ನಾನೂ ಹೋಗುತ್ತೇನೆ’ ಎನ್ನುತ್ತಿದ್ದವನು ಐದೇ ಮಂದಿಯ ಹಿಂದೆ ಹೊರಡುತ್ತಾನೆ.

ದಂಡು ಪಾಣೆಮಂಗಳೂರಿಗೆ ಬಂತು. ಆಗ ಅಲ್ಲಿ ಸೇತುವೆ ಇಲ್ಲ. ನೇತ್ರಾವತಿಯನ್ನು ದೋಣಿಯಲ್ಲೋ, ಬೇಸಗೆಯ ತೆಳು ನೀರಿನಲ್ಲೋ ದಾಟಬೇಕು. ಪಕ್ಕದ ನಂದಾವರದಲ್ಲಿ ಬಂಗರ ಅರಮನೆ. ಬಂಗರ ಮೂಲ ನೆಲೆ ಬೆಳ್ತಂಗಡಿ ತಾಲೂಕಿನ ಬಂಗಾಡಿ. ಶತಮಾನಗಳ ಕಾಲ ಅರಸರಾಗಿದ್ದು ಆಗ ಅಧಿಕಾರ ಕಳೆದುಕೊಂಡ ಮನೆತನ. ಆ ಮನೆತನದ ಲಕ್ಷ್ಮಪ್ಪ ಬಂಗರಸ ದಂಗೆಯನ್ನು ಸೇರಿದ. ಸುಳ್ಯದ ಗೌಡ ರೈತರ ಸಂಕಟ, ಕೊಡಗಿನ ರಾಜಭಕ್ತಿ, ನಂದಾವರದ ಅರಸು ಮನೆತನದ ಹಳೆಯ ನೋವು, ಇವೆಲ್ಲ ಬೇರೆ ಬೇರೆ ಕಾರಣಗಳು. ಬಂಟ್ವಾಳ ದಾಟುವ ಹೊತ್ತಿಗೆ ಅವೆಲ್ಲ ಒಂದೇ ಬಾವುಟದ ಕೆಳಗೆ ಬಂದಿದ್ದವು.

ಮಂಗಳೂರಿನಲ್ಲಿ ಸೆರೆಮನೆಯ ಬಾಗಿಲು ತೆರೆಯಿತು. ಸರಕಾರಿ ಕಟ್ಟಡಗಳಿಗೆ, ಅಧಿಕಾರಿಗಳ ಬಂಗಲೆಗಳಿಗೆ ಬೆಂಕಿ ಬಿತ್ತು. ಬಿಳಿಯರು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು. ಮೂರು ವರ್ಷ ಮೊದಲಷ್ಟೇ ಬಂದಿದ್ದ ಬಾಸೆಲ್ ಮಿಷನ್ನಿನವರೂ ಊರು ಬಿಡಬೇಕಾಯಿತು. ಏಪ್ರಿಲ್ ಮಧ್ಯದಲ್ಲಿ ಕಂಪನಿಯ ಪಡೆ ಕಡಲ ದಾರಿಯಲ್ಲಿ ಬಂದಿಳಿದಾಗ ದಂಡು ಕರಗಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ, ಕುಂಬಳೆಯ ಸುಬ್ರಾಯ ಹೆಗ್ಡೆ ಇವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೆ ಹಾಕಿದರು. ಕಂಪನಿಯ ಪರ ನಿಂತವರಿಗೆ 1837ರ ಹೆಸರಿನಲ್ಲೇ ಪದಕ ಸಿಕ್ಕಿತು.

ಗುಂಪಿಗೆ ತಲೆ ಇದೆಯೇ?

1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬೋನ್ ಗುಂಪಿನ ಮನಸ್ಸಿನ ಬಗ್ಗೆ ಪ್ರಸಿದ್ಧ ಪುಸ್ತಕ ಬರೆದ. ಗುಂಪಿಗೆ ಸೇರಿದ ಮನುಷ್ಯ ತನ್ನ ಬುದ್ಧಿ ಕಳೆದುಕೊಂಡು ನಾಗರಿಕತೆಯ ಹಲವು ಮೆಟ್ಟಿಲು ಕೆಳಗಿಳಿಯುತ್ತಾನೆ, ರೋಗದಂತೆ ಭಾವನೆ ಒಬ್ಬನಿಂದ ಒಬ್ಬನಿಗೆ ಅಂಟುತ್ತದೆ ಎಂಬುದು ಅವನ ವಾದ. ಈ ಮಾತು ಅಧಿಕಾರದಲ್ಲಿ ಕುಳಿತವರಿಗೆ ಬಹಳ ಹಿಡಿಸಿತು. ಗುಂಪಿಗೆ ಬುದ್ಧಿಯೇ ಇಲ್ಲವೆಂದ ಮೇಲೆ ಅದರ ದೂರು ಕೇಳುವ ಅಗತ್ಯವೂ ಇಲ್ಲವಲ್ಲ. ‘ಕಾಟಕಾಯಿ’ ಎಂಬ ಹೆಸರಿನ ಒಳಗೂ ಇದೇ ವಾದ ಇದೆ.

ಚರಿತ್ರೆಕಾರ ಜಾರ್ಜ್ ರೂಡೆ ಈ ವಾದವನ್ನು ದಾಖಲೆ ಹಿಡಿದು ಪರೀಕ್ಷಿಸಿದರು. ಫ್ರೆಂಚ್ ಕ್ರಾಂತಿಯ ಗುಂಪುಗಳಲ್ಲಿ ಬಂಧನಕ್ಕೊಳಗಾದವರ, ಸತ್ತವರ ಪಟ್ಟಿಗಳನ್ನು ಪೊಲೀಸ್ ಕಡತಗಳಿಂದ ತೆಗೆದು ನೋಡಿದಾಗ ಅಲ್ಲಿದ್ದವರು ಪೋಕರಿಗಳಲ್ಲ, ಬಡಗಿಗಳು, ಬೀಗ ಮಾಡುವವರು, ಸಣ್ಣ ಅಂಗಡಿಯವರು. 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆ ನಡೆದಾಗ ಸ್ಟೀಫನ್ ರೈಷರ್ ಎಂಬ ಮನೋವಿಜ್ಞಾನಿ ಅದನ್ನು ಅಧ್ಯಯನ ಮಾಡಿದರು. ಗುಂಪು ಪೊಲೀಸರ ಮೇಲೆ ಬಿದ್ದಿತ್ತು, ಆದರೆ ಊರವರ ಮನೆಗಳ ಮೇಲಲ್ಲ. ಪೊಲೀಸರನ್ನು ಬಡಾವಣೆಯ ಗಡಿಯ ಆಚೆಗೆ ಅಟ್ಟಿ ಅಲ್ಲಿಗೇ ನಿಂತಿತ್ತು. ಗುಂಪಿನಲ್ಲಿ ಮನುಷ್ಯ ತನ್ನನ್ನು ಕಳೆದುಕೊಳ್ಳುವುದಿಲ್ಲ. ‘ನಾನು’ ಎಂಬಲ್ಲಿಂದ ‘ನಾವು’ ಎಂಬಲ್ಲಿಗೆ ಸರಿಯುತ್ತಾನೆ, ಆ ‘ನಾವು’ ಒಪ್ಪುವ ಮಿತಿಯೊಳಗೆ ನಡೆಯುತ್ತಾನೆ ಎಂದು ಅವರು ಹೇಳಿದರು.

ಈ ಕಣ್ಣಿನಿಂದ 1837ನ್ನು ನೋಡಿದರೆ ಖಜಾನೆ, ಸೆರೆಮನೆ, ಸರಕಾರಿ ಕಟ್ಟಡ, ಅಧಿಕಾರಿಯ ಬಂಗಲೆ ಎಂಬ ಪಟ್ಟಿಗೆ ಅರ್ಥ ಬರುತ್ತದೆ. ಕಣ್ಣು ಮುಚ್ಚಿ ಹೊಡೆದವರ ಪಟ್ಟಿ ಅದಲ್ಲ. ಹಾಗೆಂದು ಎಲ್ಲವನ್ನೂ ತೊಳೆದು ಬೆಳ್ಳಗೆ ಮಾಡುವುದೂ ಸರಿಯಲ್ಲ. ದಂಡು ಹೋದ ದಾರಿಯ ಸಾಮಾನ್ಯರು ಪೆಟ್ಟು ತಿನ್ನದೇ ಇದ್ದಿದ್ದರೆ ‘ಕಾಟಕಾಯಿ’ ಎಂಬ ಪದ ಇಷ್ಟು ತಲೆಮಾರು ಬದುಕುತ್ತಿರಲಿಲ್ಲ. ದೊಡ್ಡ ಗುಂಪಿನಲ್ಲಿ ಎಲ್ಲರೂ ಒಂದೇ ‘ನಾವು’ ಅಲ್ಲ. ಮುಂದೆ ಕಂದಾಯದ ಸಿಟ್ಟಿನವರು ಇದ್ದರೆ ಹಿಂದೆ ಸಿಕ್ಕಿದ್ದನ್ನು ಹೊರುವವರೂ ಇರುತ್ತಾರೆ.

ನಂಬಿದ್ದು ಯಾಕೆ?

ಪುಟ್ಟಬಸಪ್ಪನನ್ನು ಜನ ಕಲ್ಯಾಣಸ್ವಾಮಿ ಎಂದು ನಂಬಿದ್ದು ಹೇಗೆ? ಇದು ನಮ್ಮವರ ಮುಗ್ಧತೆ ಮಾತ್ರ ಎಂದು ತಿಳಿಯಬೇಕಿಲ್ಲ. ರಷ್ಯಾದಲ್ಲಿ 1773ರಲ್ಲಿ ಪುಗಚೋವ್ ಎಂಬ ಕೊಸಾಕ್ ಸೈನಿಕ ತಾನೇ ಸತ್ತುಹೋದ ಚಕ್ರವರ್ತಿ ಮೂರನೆಯ ಪೀಟರ್ ಎಂದು ಹೇಳಿಕೊಂಡಾಗ ಸಾವಿರಾರು ರೈತರು ಹಿಂದೆ ಬಿದ್ದರು.

1947ರಲ್ಲಿ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬಿಬ್ಬರು ಗಾಳಿಸುದ್ದಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸರಳ ಸೂತ್ರ ಇದೆ. ಸುದ್ದಿ ಹರಡಲು ಎರಡು ಬೇಕು. ವಿಷಯ ನಮ್ಮ ಬದುಕಿಗೆ ಮುಖ್ಯವಾಗಿರಬೇಕು, ನಿಜ ಏನೆಂದು ತಿಳಿಯುವ ದಾರಿ ಮಸುಕಾಗಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಸುದ್ದಿ ಸಾಯುತ್ತದೆ. 1837ರಲ್ಲಿ ಎರಡೂ ತುಂಬಿ ತುಳುಕುತ್ತಿದ್ದವು. ಕಂದಾಯ ಮನೆಯ ಅನ್ನದ ಪ್ರಶ್ನೆ. ರಾಜವಂಶದ ಕುಡಿ ಬದುಕಿದೆಯೋ ಇಲ್ಲವೋ ಎಂದು ಸುಳ್ಯದ ರೈತ ಯಾರನ್ನು ಕೇಳಬೇಕು? ಕಂಪನಿಯ ಕಚೇರಿಯನ್ನೇ?

ಇನ್ನೂ ಒಂದು ಮಾತಿದೆ. ಅನುಮಾನ ಇದ್ದವನು ಸುತ್ತ ನೋಡುತ್ತಾನೆ. ಎಲ್ಲರೂ ‘ಸ್ವಾಮಿ’ ಎಂದು ಅಡ್ಡ ಬೀಳುತ್ತಿದ್ದಾರೆ. ನನಗೊಬ್ಬನಿಗೇ ಅನುಮಾನ ಎಂದು ಅವನೂ ಅಡ್ಡ ಬೀಳುತ್ತಾನೆ. ಪಕ್ಕದವನಿಗೂ ಅದೇ ಅನುಮಾನ ಇರಬಹುದು, ಅವನು ಇವನನ್ನು ನೋಡಿ ಬಿದ್ದಿರುತ್ತಾನೆ. ಒಳಗೆ ಯಾರೂ ಪೂರ್ತಿ ನಂಬದೆ ಹೊರಗೆ ಎಲ್ಲರೂ ನಂಬಿದಂತೆ ಕಾಣುವ ಈ ಸ್ಥಿತಿ ಮನೋವಿಜ್ಞಾನಕ್ಕೆ ಚೆನ್ನಾಗಿ ಪರಿಚಯವಿದೆ. ನಮ್ಮ ಗಾದೆ ಇದನ್ನು ‘ಹತ್ತರ ಜೊತೆ ಹನ್ನೊಂದು’ ಎನ್ನುತ್ತದೆ.

1950ರ ದಶಕದಲ್ಲಿ ಸಾಲೊಮನ್ ಆಶ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂಬ ಪ್ರಶ್ನೆ. ಮಕ್ಕಳೂ ಹೇಳುವಂಥದ್ದು. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಭಾಗ ಮಂದಿ ಒಮ್ಮೆಯಾದರೂ ಆ ತಪ್ಪಿಗೆ ಹೂಂಗುಟ್ಟಿದರು. ಈ ಅರ್ಧ ಕತೆ ಎಲ್ಲರಿಗೂ ಗೊತ್ತು. ಉಳಿದ ಅರ್ಧ ನಮಗೆ ಹೆಚ್ಚು ಮುಖ್ಯ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಹಾಗೆ ತಲೆಬಾಗುವವರ ಪ್ರಮಾಣ ತೀರಾ ಕೆಳಗಿಳಿಯುತ್ತಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಾವು ಗೇಲಿ ಮಾಡುವ ಆ ಪೋರ ಒಬ್ಬ ಇದ್ದರೆ ಇನ್ನೊಬ್ಬನಿಗೆ ಬಾಯಿ ಬರುತ್ತದೆ.

ಬೆಳ್ತಂಗಡಿಯ ತಂಡಗಳು

ಗುಂಪಿನ ಈ ಬಲವನ್ನೇ ಬೇರೆ ಕೆಲಸಕ್ಕೆ ಹಚ್ಚಿದ ಕತೆ ಬೆಳ್ತಂಗಡಿ ತಾಲೂಕಿನದು. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಗ್ರಾಮಾಭಿವೃದ್ಧಿ ಯೋಜನೆ ಶುರು ಮಾಡಿದರು. ಭೂಮಿ ಸಿಕ್ಕಿದರೂ ಅದನ್ನು ಸಾಗುವಳಿಗೆ ತರಲು ಕೈಯಲ್ಲಿ ದುಡ್ಡಾಗಲಿ, ಆಳಾಗಲಿ ಇಲ್ಲದ ಸಣ್ಣ ರೈತರು ಅದರ ಮುಂದಿದ್ದರು. 1991ರಲ್ಲಿ ‘ಪ್ರಗತಿಬಂಧು’ ತಂಡಗಳು ಬಂದವು. ಐದಾರು, ಏಳೆಂಟು ಮಂದಿ ಸಣ್ಣ ರೈತರ ತಂಡ. ವಾರಕ್ಕೊಂದು ದಿನ ಎಲ್ಲರೂ ಸೇರಿ ಒಬ್ಬನ ಜಾಗದಲ್ಲಿ ದುಡಿಯುವುದು, ಮುಂದಿನ ವಾರ ಇನ್ನೊಬ್ಬನಲ್ಲಿ. ಜೊತೆಗೆ ವಾರದ ಸಭೆ, ಸಣ್ಣ ಉಳಿತಾಯ.

ಇದು ಪೂರ್ತಿ ಹೊಸದಲ್ಲ. ಮುಯ್ಯಾಳು ಪದ್ಧತಿ ನಮ್ಮ ಹಳ್ಳಿಗಳಲ್ಲಿ ಮೊದಲೇ ಇತ್ತು. ಹೊಸದಾಗಿದ್ದದ್ದು ಅದನ್ನು ವಾರದ ಲೆಕ್ಕಕ್ಕೆ, ಪುಸ್ತಕಕ್ಕೆ, ಸಣ್ಣ ಸಂಖ್ಯೆಗೆ ತಂದದ್ದು. ಒಬ್ಬನೇ ಬಾವಿ ತೋಡಲು ಹೊರಟವನು ಮೂರನೇ ದಿನ ಪಿಕಾಸಿ ಕೆಳಗಿಡಬಹುದು. ಆರು ಮಂದಿ ಬೆಳಿಗ್ಗೆ ಬಂದು ಅಂಗಳದಲ್ಲಿ ನಿಂತರೆ ಹೊದ್ದು ಮಲಗಲು ಆಗುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿ (ನಮ್ಮ ಕಲೆಕ್ಟರ್ ಲೆವಿನ್‌ಗೂ ಇವರಿಗೂ ಸಂಬಂಧವಿಲ್ಲ) ಅಮೆರಿಕದ ಅಯೋವಾದಲ್ಲಿ ಒಂದು ಪ್ರಯೋಗ ಮಾಡಿದರು. ಮಾಂಸದ ಕೊರತೆ ಇದ್ದಾಗ ಗೃಹಿಣಿಯರು ಅಲ್ಲಿಯವರೆಗೆ ಬೇಡವೆನ್ನುತ್ತಿದ್ದ ಪ್ರಾಣಿಯ ಒಳ ಅಂಗಗಳನ್ನು ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಕೆಲವರಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಉಳಿದವರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಅವರವರೇ ಮಾತಾಡಿ ತೀರ್ಮಾನಿಸುವಂತೆ ಬಿಟ್ಟರು. ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಮನೆಯಲ್ಲಿ ಮಾಡಿ ಬಡಿಸಿದರು. ಗುಂಪಿನಲ್ಲಿ ಕುಳಿತು ತೀರ್ಮಾನಿಸಿದವರಲ್ಲಿ ಶೇ. 32ರಷ್ಟು. ಕುಡಿತ ಬಿಡಿಸುವ ಮದ್ಯವರ್ಜನ ಶಿಬಿರಗಳೂ ಇದೇ ದಾರಿಯವು. ಒಬ್ಬನನ್ನೇ ಕೂರಿಸಿ ಬುದ್ಧಿ ಹೇಳುವ ಬದಲು ಅದೇ ಸುತ್ತಿನ ಹತ್ತಾರು ಮಂದಿಯನ್ನು ಎಂಟು ದಿನ ಒಟ್ಟಿಗೆ ಇರಿಸುವುದು, ಆಮೇಲೆ ಅವರದ್ದೇ ‘ನವಜೀವನ ಸಮಿತಿ’ ಮಾಡಿ ಒಬ್ಬರನ್ನೊಬ್ಬರು ನೋಡಿಕೊಳ್ಳುವಂತೆ ಮಾಡುವುದು.

ಆದರೆ ಬಾವಿ ತೋಡಿಸುವ ಒತ್ತಡವೂ ಕಂತು ಕಟ್ಟಿಸುವ ಒತ್ತಡವೂ ಒಂದೇ ಬೇರಿನವು. ಗುಂಪು ಸಾಲದ ವ್ಯವಸ್ಥೆ ಜಗತ್ತಿನಲ್ಲಿ ಎಲ್ಲೇ ಇರಲಿ, ಅದು ನಿಂತಿರುವುದು ಪಕ್ಕದವರ ಮುಖ ನೋಡಬೇಕಲ್ಲ ಎಂಬ ಅಳುಕಿನ ಮೇಲೆ. ದುಡಿಯುವವನಿಗೆ ಆ ಅಳುಕು ಆಧಾರ. ಕಾಯಿಲೆ ಬಿದ್ದವನಿಗೆ, ಫಸಲು ಕೈಕೊಟ್ಟವನಿಗೆ ಅದೇ ಉರುಳು. ಸಣ್ಣ ಸಾಲಗಳ ವಸೂಲಿಯಲ್ಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗುಂಪು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಹೀಗಾಗಿ ಉತ್ತರವಿಲ್ಲ. ಆ ಗುಂಪಿನಲ್ಲಿ ‘ಈ ವಾರ ನನ್ನಿಂದ ಆಗುವುದಿಲ್ಲ’ ಎಂದು ಹೇಳಿದವನಿಗೆ ಏನಾಗುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಇಂದಿನ ಗುಂಪು, ನಮ್ಮ ಪೆನ್ನು

2017ರ ಮಳೆಗಾಲದಲ್ಲಿ ಬಂಟ್ವಾಳ ತಾಲೂಕಿನಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇತ್ತು. ಐದು ಮಂದಿ ಸೇರಬಾರದು ಎಂಬ ಆದೇಶ. ಹತ್ತು ಸಮಸ್ತರ ನಾಡಿನಲ್ಲಿ ಐದು ಮಂದಿ ಸೇರುವುದೇ ಅಪರಾಧ ಆದ ದಿನಗಳವು. ರಸ್ತೆಯಲ್ಲಿ ಐದು ಮಂದಿ ಸೇರದಂತೆ ತಡೆಯಬಹುದು. ಫೋನಿನ ಒಳಗೆ ಇನ್ನೂರು ಮಂದಿ ಸೇರುವುದನ್ನು ಆ ಆದೇಶ ತಡೆಯಲಿಲ್ಲ.

ಮರುವರ್ಷ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು. ಅವರು ಮತ್ತು ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸಾಪ್ ಸಂದೇಶ ತಲುಪಿತ್ತು. ಆಲ್‌ಪೋರ್ಟ್ ಸೂತ್ರದ ಎರಡೂ ಭಾಗ ಅಲ್ಲಿದ್ದವು: ಮಕ್ಕಳ ಜೀವ, ತಿಳಿಯದ ಮುಖ. ಆದರೆ ಅದೇ ಜಾಗದಲ್ಲಿ ಪೊಲೀಸರು ಪೆಟ್ಟು ತಿಂದುಕೊಂಡು ಉಳಿದವರ ಜೀವ ಉಳಿಸಿದರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ತರುವುದಾಗಿ ಹೇಳಿತು.

ಇಲ್ಲಿ ವರದಿಗಾರರ ಪಾಲು ಏನು? 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಮಂದಿ ಕಿಟಕಿಯಿಂದ ನೋಡುತ್ತಾ ನಿಂತರು, ಒಬ್ಬರೂ ಪೊಲೀಸರನ್ನು ಕರೆಯಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬರೆಯಿತು. ಆ ವರದಿ ಓದಿ ಜಗತ್ತು ಬೆಚ್ಚಿತು. ಲಾಟಾನೆ ಮತ್ತು ಡಾರ್ಲಿ 1968ರಲ್ಲಿ ಅದರ ಪ್ರೇರಣೆಯಿಂದಲೇ ಪ್ರಯೋಗ ಮಾಡಿ, ನೋಡುವವರು ಹೆಚ್ಚಾದಷ್ಟೂ ಪ್ರತಿಯೊಬ್ಬನ ಹೊಣೆಯ ಭಾವ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಆದರೆ ಮೂಲ ವರದಿಯೇ ಉತ್ಪ್ರೇಕ್ಷೆಯದ್ದು. ಪೂರ್ತಿ ಘಟನೆ ಕಂಡವರು ಅಷ್ಟು ಮಂದಿ ಇರಲಿಲ್ಲ. ನೆರೆಯ ಮಹಿಳೆಯೊಬ್ಬರು ಓಡಿ ಬಂದು ಆಕೆಯನ್ನು ಮಡಿಲಲ್ಲಿ ಹಿಡಿದಿದ್ದರು. ತಮ್ಮ ವರದಿಯಲ್ಲಿ ದೋಷವಿತ್ತೆಂದು ಅದೇ ಪತ್ರಿಕೆ 2016ರಲ್ಲಿ ಬರೆಯಿತು. ಐವತ್ತು ವರ್ಷ ಪಠ್ಯಪುಸ್ತಕಗಳಲ್ಲಿ ಆ ಮಹಿಳೆಗೆ ಜಾಗ ಇರಲಿಲ್ಲ, ನಿಂತು ನೋಡಿದ 38 ಮಂದಿಗೆ ಇತ್ತು.

ನಮ್ಮ ಸುದ್ದಿಗಳಲ್ಲೂ ಇದೇ ಆಗುತ್ತದೆ. ಅಂಗಡಿಗೆ ಕಲ್ಲು ಬಿದ್ದರೆ ಕಲ್ಲೆಸೆದ ಗುಂಪಿಗೆ ಐದು ಕಾಲಂ ಸಿಗುತ್ತದೆ. ಶಟರ್ ಎಳೆದು ಪಕ್ಕದ ಅಂಗಡಿಯವನನ್ನು ಒಳಗೆ ಕೂರಿಸಿಕೊಂಡವನಿಗೆ ಒಂದು ಸಾಲೂ ಇಲ್ಲ. ಅವನು ಆಶ್ ಪ್ರಯೋಗದ ಆ ಒಬ್ಬನೇ ಸಾಕ್ಷಿ. ಅವನ ಬಗ್ಗೆ ಓದಿದ್ದರೆ ಮುಂದಿನ ಊರಿನ ಇನ್ನೊಬ್ಬನಿಗೆ ಬಾಯಿ ಬರುತ್ತಿತ್ತು. ಬರೆಯದೆ ಬಿಟ್ಟಾಗ ಎಲ್ಲರೂ ಹಾಗೆಯೇ ಇದ್ದರು ಎಂಬ ಸುಳ್ಳನ್ನು ನಾವೇ ಊರಿಗೆ ಹಂಚಿದಂತಾಗುತ್ತದೆ. ಅವನ ಹೆಸರು ಹಾಕಿದರೆ ಅವನಿಗೇ ಅಪಾಯ ಎಂದಾದರೆ ಹೆಸರಿಲ್ಲದೆ ಬರೆಯಬಹುದು.

2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣವಾಯಿತು. ಕಾಟಕಾಯಿಯ ಮುಂದಾಳುವಿಗೆ 185 ವರ್ಷ ಕಳೆದ ಮೇಲೆ ಕಂಚಿನ ಗೌರವ. ಆದರೆ ಆ ಏಪ್ರಿಲಿನಲ್ಲಿ ಪಾಣೆಮಂಗಳೂರಿನಲ್ಲಿ ಹೊಳೆ ದಾಟಿದವರು ಯಾರು, ಯಾವ ಊರಿನಿಂದ ಎಷ್ಟು ಮಂದಿ, ಯಾವ ಮಾತು ಕೇಳಿ ಬಂದರು, ಯಾರು ಅರ್ಧದಲ್ಲಿ ಮನೆಗೆ ತಿರುಗಿದರು ಎಂದು ಕೇಳಿ ಬರೆದುಕೊಂಡವರು ಆಗ ಇರಲಿಲ್ಲ. ಬರೆದವರು ವಿಚಾರಣೆಗೆ ಕುಳಿತ ಅಧಿಕಾರಿಗಳು. ಅವರಿಗೆ ಬೇಕಿದ್ದದ್ದು ಅಪರಾಧಿಗಳ ಪಟ್ಟಿ.

ಈಗ ನಾವಿದ್ದೇವೆ. ಮುಂದಿನ ಸಲ ಬಿ.ಸಿ. ರೋಡಿನಲ್ಲೋ, ವೇಣೂರಿನಲ್ಲೋ, ಮೂಡುಬಿದಿರೆ ಪೇಟೆಯಲ್ಲೋ ಜನ ಸೇರಿದರೆ ‘ಸಾವಿರಾರು ಮಂದಿ’ ಎಂದು ಬರೆಯುವ ಮೊದಲು ಎಣಿಸೋಣ. ಮೊದಲು ಬಂದ ಹತ್ತು ಮಂದಿ ಯಾರು, ಅವರು ಏನು ಕೇಳಿ ಬಂದರು, ಅದು ನಿಜವೇ ಎಂದು ವಿಚಾರಿಸೋಣ. ಬೇಡ ಎಂದವನು ಒಬ್ಬನಾದರೂ ಇರುತ್ತಾನೆ, ಅವನನ್ನು ಹುಡುಕಿ ಅವನ ಮಾತನ್ನೂ ಅದೇ ದಿನದ ಸುದ್ದಿಗೆ ಸೇರಿಸೋಣ.